ಬಲ ಅಂಚಿಗೆ ಯಾರು? ವೆಸ್ಟ್ ಬ್ಲಾಕ್ ಗೆಳೆಯರಿಗೊಂದು ಬಹಿರಂಗ ಪತ್ರ

ವೆಸ್ಟ್ ಬ್ಲಾಕ್‌ನ ಗೆಳೆಯರೇ,

ಈ ಪತ್ರ ಬೆಂಗಳೂರು ಎಫ್‌ಸಿಯ ಆಡಳಿತಕ್ಕಲ್ಲ, ಕೋಚ್‌ಗೂ ಅಲ್ಲ. ಕಂಠೀರವ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ನನ್ನ ಅಕ್ಕಪಕ್ಕ ನಿಂತು ಗಂಟಲು ಹರಿದುಕೊಳ್ಳುವ ನಿಮಗೆ.

ಸೀಸನ್ ಮುಗಿದು ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಒಂದೇ ಮಾತು: ಈ ಸಲ ವಿಂಗರ್ ಯಾರು? ಒಬ್ಬರು ಮಿಜೋರಾಂನ ಛಾಂಗ್ಟೆ ಬಂದರೆ ಕಪ್ ನಮ್ಮದೇ ಎನ್ನುತ್ತಾರೆ. ಇನ್ನೊಬ್ಬರಿಗೆ ಗೋವಾದ ಲಿಸ್ಟನ್ ಕೊಲಾಸೊ ಬಿಟ್ಟರೆ ಬೇರೆ ಹೆಸರೇ ಬೇಡ. ಮತ್ತೊಬ್ಬರು ದೇಶದ ಆಟಗಾರರ ಸಹವಾಸವೇ ಸಾಕು, ಸ್ಪೇನಿನಿಂದಲೋ ಬ್ರೆಜಿಲ್‌ನಿಂದಲೋ ಒಬ್ಬ ವೇಗದ ಹುಡುಗನನ್ನು ಕರೆಸಿ ಎಂದು ಹಟ ಹಿಡಿಯುತ್ತಾರೆ. ಚಹಾ ಆರಿ ತಣ್ಣಗಾದರೂ ಮಾತು ತಣ್ಣಗಾಗುವುದಿಲ್ಲ.

2025ರ ಬೇಸಿಗೆಯ ನಂತರದ ದಿನಗಳನ್ನು ನೆನೆಯಿರಿ. ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮುಂದಿನ ಸೀಸನ್ನನ್ನೇ ತಡೆಹಿಡಿದರು. ಲೀಗ್ ನಡೆಸುವವರಿಗೂ ಫೆಡರೇಷನ್ನಿಗೂ ನಡುವಿನ ಹಕ್ಕುಗಳ ಒಪ್ಪಂದ ಆ ವರ್ಷದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದಕ್ಕೆ ಸಹಿ ಬಿದ್ದಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ಪಂದ್ಯ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆಗಲೂ ನಾವು ವಿಂಗರ್ ಯಾರೆಂದೇ ವಾದ ಮಾಡುತ್ತಿದ್ದೆವು. ಇದನ್ನು ದೂರಾಗಿ ಹೇಳುತ್ತಿಲ್ಲ. ಆಟವೇ ನಿಂತುಹೋಗಬಹುದೆಂಬ ಭಯದ ನಡುವೆಯೂ ಮುಂದಿನ ಆಟದ ಕನಸು ಬಿಡದವರು ನೀವು. ಅಷ್ಟು ಪ್ರೀತಿ ಇರುವವರ ಮುಂದೆ ಮನಸ್ಸಿನಲ್ಲಿರುವುದನ್ನು ಹೇಳದೆ ಇರಲಾರೆ. ನಾವು ಹೆಸರು ಹುಡುಕುತ್ತಿದ್ದೇವೆ, ಅಂಚನ್ನು ನೋಡುತ್ತಿಲ್ಲ. ಒಬ್ಬ ವಿಂಗರ್‌ನ ಆಟ ಮೂರು ನಾಲ್ಕು ಜನರ ಕೆಲಸದಿಂದ ಹುಟ್ಟುತ್ತದೆ. ಆ ಕೆಲಸದ ಬಗ್ಗೆ ನಮ್ಮ ವಾದಗಳಲ್ಲಿ ಒಂದು ಮಾತೂ ಇರುವುದಿಲ್ಲ.

2018ರ ಮಾರ್ಚ್ 17ರ ರಾತ್ರಿಯನ್ನು ನಮ್ಮಲ್ಲಿ ಯಾರು ಮರೆತಿದ್ದಾರೆ? ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿದ್ದೆವು. ಫೈನಲ್ಲು ನಮ್ಮದೇ ಅಂಗಳದಲ್ಲಿ, ಚೆನ್ನೈಯಿನ್ ಎದುರು. ಒಂಬತ್ತನೇ ನಿಮಿಷಕ್ಕೆ ಉದಾಂತ ಸಿಂಗ್ ಬಲ ಅಂಚಿನಲ್ಲಿ ಓಡಿ ಚೆಂಡನ್ನು ಒಳಕ್ಕೆ ಕಳಿಸಿದರು, ಸುನೀಲ್ ಛೆಟ್ರಿ ಮೈಚೆಲ್ಲಿ ಹಾರಿ ತಲೆಯಿಂದ ಗೋಲು ಹೊಡೆದರು. ವಿಂಗರ್ ಎಂದರೆ ಏನು ಎಂದು ಮಕ್ಕಳಿಗೆ ತೋರಿಸಬೇಕಾದರೆ ಆ ಗೋಲನ್ನೇ ತೋರಿಸಬೇಕು. ಆದರೂ ಆ ಪಂದ್ಯ ನಾವು 3-2ರಿಂದ ಸೋತೆವು. ಎದುರಾಳಿಯ ಮೊದಲ ಎರಡು ಗೋಲುಗಳನ್ನೂ ಒಬ್ಬ ಡಿಫೆಂಡರ್, ಮೈಲ್ಸನ್ ಆಲ್ವೆಸ್, ಕಾರ್ನರ್‌ಗಳಿಂದ ತಲೆಯಲ್ಲೇ ಹೊಡೆದರು. ಮರುವರ್ಷ ಮುಂಬೈಯಲ್ಲಿ ಗೋವಾ ಎದುರು ನಮಗೆ ಕಪ್ ತಂದುಕೊಟ್ಟದ್ದೂ ಒಂದು ಕಾರ್ನರೇ: ಡಿಮಾಸ್ ಡೆಲ್ಗಾಡೊ ಒದ್ದರು, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆ ಕೊಟ್ಟರು. ಅವರೂ ಡಿಫೆಂಡರ್.

ಉದಾಂತ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವರ ಬಗ್ಗೆ ನಾವು ನಡೆದುಕೊಂಡ ರೀತಿ ನನ್ನನ್ನು ಈಗಲೂ ಕಾಡುತ್ತದೆ. ಮಣಿಪುರದ ಹುಡುಗ, ಟಾಟಾ ಅಕಾಡೆಮಿಯಲ್ಲಿ ಕಲಿತು 2014ರಲ್ಲಿ ನಮ್ಮಲ್ಲಿಗೆ ಬಂದರು. ಕೋಚ್‌ಗಳಾದ ಆಲ್ಬರ್ಟ್ ರೋಕಾ ಮತ್ತು ಕಾರ್ಲೆಸ್ ಕ್ವಾದ್ರಾತ್ ಕಾಲದಲ್ಲಿ ಅವರ ವೇಗಕ್ಕೆ ಬೆಲೆ ಬಂದದ್ದು ನಡುಮೈದಾನದಿಂದ. ಡಿಮಾಸ್ ಅಥವಾ ಎರಿಕ್ ಪಾರ್ಟಲು ಚೆಂಡು ಸಿಕ್ಕ ಕೂಡಲೇ ತಲೆ ಎತ್ತಿ ಬಲ ಅಂಚಿನ ಖಾಲಿ ಜಾಗಕ್ಕೆ ಉದ್ದದ ಪಾಸ್ ಕೊಡುತ್ತಿದ್ದರು. ಎದುರಾಳಿ ಬ್ಯಾಕ್ ತಿರುಗಿ ನಿಲ್ಲುವ ಮೊದಲೇ ಉದಾಂತ ಓಟ ಶುರುವಾಗಿರುತ್ತಿತ್ತು. ಪೆನಾಲ್ಟಿ ಪೆಟ್ಟಿಗೆಯೊಳಗೆ ನಮ್ಮ ಸ್ಟ್ರೈಕರ್ ಮಿಕು ಇಬ್ಬರು ಡಿಫೆಂಡರ್‌ಗಳನ್ನು ಕಟ್ಟಿಹಾಕಿರುತ್ತಿದ್ದರು, ಎಡಗಡೆಯಿಂದ ಛೆಟ್ರಿ ಒಳನುಗ್ಗುತ್ತಿದ್ದರು. ಕ್ರಾಸ್ ಹಾಕಿದರೆ ಮುಟ್ಟುವವರು ಇದ್ದರು.

2019ರಲ್ಲಿ ಮಿಕು ಹೋದರು. 2021 ಮುಗಿಯುವಷ್ಟರಲ್ಲಿ ಪಾರ್ಟಲು, ಡಿಮಾಸ್ ಇಬ್ಬರೂ ಇರಲಿಲ್ಲ. ಉದಾಂತ ಕಾಲುಗಳು ಅವೇ, ಅವರಿಗೆ ಬರುತ್ತಿದ್ದ ಚೆಂಡು ಬೇರೆ. ತಡವಾಗಿ, ನಿಧಾನವಾಗಿ, ಇಬ್ಬರು ಬ್ಯಾಕ್‌ಗಳು ಮುಂದೆ ನಿಂತ ಮೇಲೆ ಕಾಲಿಗೇ ಬರುವ ಚೆಂಡು. ಓಡಲು ಜಾಗವೇ ಇಲ್ಲದ ಕಡೆ ಓಟಗಾರ ಏನು ಮಾಡಬೇಕು? ಆಗ ನಮ್ಮ ಸ್ಟ್ಯಾಂಡ್‌ನಲ್ಲೇ ಎದ್ದ ಗೊಣಗಾಟ ನಿಮಗೂ ಕೇಳಿಸಿದೆ: ಹೊಸ ವಿಂಗರ್ ತನ್ನಿ. 2023ರಲ್ಲಿ ಅವರು ಗೋವಾಕ್ಕೆ ಹೋದರು. ಹೊಸ ಹೆಸರುಗಳು ಬಂದವು. ಚೆಂಡು ಕೊಡುವವರ ಬಗ್ಗೆ ಮಾತ್ರ ನಾವು ಕೇಳಲೇ ಇಲ್ಲ.

ಇನ್ನು 2025ರ ಏಪ್ರಿಲ್. ಫತೋರ್ಡಾದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ. ಎರಡೂ ಪಂದ್ಯ ಸೇರಿಸಿದರೆ ಸಮಸಮ, ಸಮಯ ಮುಗಿದು ಇಂಜುರಿ ಟೈಮ್ ನಡೆಯುತ್ತಿದೆ. ಛೆಟ್ರಿ ಮತ್ತೆ ತಲೆಯಿಂದ ಗೋಲು ಹೊಡೆದು ನಮ್ಮನ್ನು ಫೈನಲ್‌ಗೆ ಮುಟ್ಟಿಸಿದರು. ಆ ಕ್ರಾಸ್ ಕೊಟ್ಟದ್ದು ನಮ್ಗ್ಯಾಲ್ ಭುಟಿಯಾ, ನಮ್ಮ ರೈಟ್ ಬ್ಯಾಕ್. ಕೋಲ್ಕತ್ತದ ಫೈನಲ್‌ನಲ್ಲಿ ನಮ್ಮನ್ನು ಮುಂದಿಟ್ಟದ್ದು ರಯಾನ್ ವಿಲಿಯಮ್ಸ್ ಕ್ರಾಸ್. ಅದನ್ನು ತಡೆಯಲು ಹೋದ ಮೋಹನ್ ಬಾಗಾನ್ ಡಿಫೆಂಡರ್ ತಮ್ಮದೇ ಗೋಲಿಗೆ ಚೆಂಡು ತಳ್ಳಿಬಿಟ್ಟರು. ಅಷ್ಟಾದರೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಒಳ್ಳೆಯ ಕ್ರಾಸ್ ನಮಗೆ ಬಂದೇ ಬರುತ್ತದೆ, ಅದರ ಮುಂಚಿನ ಮತ್ತು ನಂತರದ ಕೆಲಸದಲ್ಲಿ ನಾವು ಸೋಲುತ್ತೇವೆ.

ವಿದೇಶಿ ವಿಂಗರ್ ಬೇಕೆನ್ನುವ ಗೆಳೆಯರಿಗೂ ಒಂದು ಮಾತು. ಅಂಕಣದಲ್ಲಿ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ವಿದೇಶಿಯರು ಇರುವಂತಿಲ್ಲ ಎಂಬ ನಿಯಮ 2021-22ರಿಂದ ಇದೆ. ಆ ನಾಲ್ಕು ಜಾಗಗಳನ್ನು ಕ್ಲಬ್‌ಗಳು ಹೆಚ್ಚಾಗಿ ಸೆಂಟರ್ ಬ್ಯಾಕ್, ನಡುಮೈದಾನ ಮತ್ತು ಗೋಲು ಹೊಡೆಯುವವನಿಗೆ ಮೀಸಲಿಡುತ್ತವೆ. ಆದ್ದರಿಂದಲೇ ದೇಶದ ಒಳ್ಳೆಯ ವಿಂಗರ್‌ಗಳಿಗೆ ಇಷ್ಟು ಬೇಡಿಕೆ, ಇಷ್ಟು ಬೆಲೆ. ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದದ್ದು ನಮ್ಮ ಪಾಲಿಗೆ ಎಷ್ಟು ದೊಡ್ಡದು ಎಂದು ಇದರಿಂದ ತಿಳಿಯುತ್ತದೆ. ಅವರ ಅಜ್ಜ ಹಿಂದೆ ಬಾಂಬೆ ಪರ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಆಡಿದವರು, ಮೊಮ್ಮಗ ನಮ್ಮ ನೀಲಿ ಅಂಗಿಯಲ್ಲಿ ಭಾರತೀಯನಾದ. ಆದರೆ ಇಂಥ ಭಾಗ್ಯ ಪ್ರತಿ ವರ್ಷ ಒದಗುವುದಲ್ಲ, ಅದನ್ನು ನಂಬಿ ತಂಡ ಕಟ್ಟಲಾಗದು.

ಹಾಗಾದರೆ ವಿಂಗರ್ ಎಲ್ಲಿಂದ? 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ನಾವು 1-0ರಿಂದ ಗೆದ್ದೆವು. ಆ ಒಂದು ಗೋಲು ಹೊಡೆದದ್ದು ವಿನೀತ್ ವೆಂಕಟೇಶ್, ನಮ್ಮ ಕಿರಿಯರ ತಂಡದಲ್ಲಿ ಬೆಳೆದು ಬಂದ, ಇನ್ನೂ ಇಪ್ಪತ್ತು ತುಂಬದ ಹುಡುಗ. ಆ ರಾತ್ರಿ ಸ್ಟ್ಯಾಂಡ್‌ನಲ್ಲಿ ಎದ್ದ ಕೂಗು ಬೇರೆಯೇ ಬಗೆಯದು. ಅದರಲ್ಲಿ ಮನೆಯವರ ಹೆಮ್ಮೆ ಇತ್ತು. ಆಮೇಲೆ ನಮ್ಮ ಪಟ್ಟಿಗಳಲ್ಲಿ ಅವನ ಹೆಸರು ಎಷ್ಟು ಸಲ ಬಂತು ಹೇಳಿ. ಕೊಳ್ಳಬೇಕಾದವರ ಪಟ್ಟಿಯಲ್ಲಿ ಅವನಿಲ್ಲ, ಏಕೆಂದರೆ ಅವನು ಆಗಲೇ ನಮ್ಮವನು.

ನಮ್ಮ ರಾಜ್ಯದ ಹುಡುಗರ ವಿಷಯದಲ್ಲೂ ಅದೇ ಕಥೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. ಆ ತಂಡದ ಹುಡುಗರಲ್ಲಿ ಯಾರು ನಮಗೆ ಬೇಕೆಂದು ನಾವು ಒಂದು ಸಂಜೆಯಾದರೂ ಜಗಳವಾಡಲಿಲ್ಲ. ಬೇಜಾರಿನ ಸಂಗತಿ. ಹಿಂದೆ ನಮ್ಮ ಗಲ್ಲಿಗಳ ಬೆಲೆ ಹೊರಗಿನವರಿಗೂ ಗೊತ್ತಿತ್ತು. ಈಸ್ಟ್ ಬೆಂಗಾಲ್‌ನ ಹೆಸರಾಂತ ಮುಂಚೂಣಿ ಐವರು, ‘ಪಂಚ ಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಈ ಊರಿನವರೇ. ಅದಕ್ಕೂ ಮುಂಚೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಎತ್ತಿಕೊಂಡು ಬಂದಿತ್ತು. ನಮ್ಮ ಊರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಸುಮ್ಮನೆ ನಿಂತಿಲ್ಲ.

ಆ ಗಲ್ಲಿಗಳ ಆಟ ಈಗಲೂ ಇದೆ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಮ್ಮ ಊರಿನ ಲೀಗ್ ಆದ ಸೂಪರ್ ಡಿವಿಷನ್ ಪಂದ್ಯಗಳು ಮಧ್ಯಾಹ್ನ ನಡೆಯುತ್ತವೆ. ನೋಡಲು ಬರುವವರು ಬೆರಳೆಣಿಕೆಯಷ್ಟು: ಆಸ್ಟಿನ್ ಟೌನ್‌ನ ಹಿರಿಯರು, ಆಡುವವರ ಅಣ್ಣತಮ್ಮಂದಿರು. ತಮಿಳು, ದಖನಿ, ಕನ್ನಡ ಮೂರೂ ಬೆರೆತ ಬೈಗುಳ, ಮೆಚ್ಚುಗೆ. ಅಲ್ಲಿ ನಾನು ಕಂಡ ಒಬ್ಬ ಸಣಕಲು ಹುಡುಗ ನಮ್ಮ ಅಷ್ಟೂ ವಾದಕ್ಕೆ ಉತ್ತರದಂತಿದ್ದ. ಬಲಗೆರೆಗೆ ಅಂಟಿಕೊಂಡು ನಿಂತಿದ್ದಾನೆ. ಚೆಂಡು ಬಂತು, ಮೊದಲ ಸ್ಪರ್ಶದಲ್ಲೇ ಒಳಕ್ಕೆ ತಿರುಗಿಸಿಕೊಂಡ, ನೋಡಿದ, ಹಿಂದಿನಿಂದ ಬ್ಯಾಕ್ ಏರಿ ಬಂದಿರಲಿಲ್ಲ. ಎದುರಿಗೆ ಇಬ್ಬರು. ಚೆಂಡನ್ನು ಹಿಂದಕ್ಕೆ ಕೊಟ್ಟ. ಸ್ಟ್ಯಾಂಡ್‌ನಿಂದ ಯಾರೋ ಅವನನ್ನೇ ಬೈದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಎದ್ದು ರೈಟ್ ಬ್ಯಾಕ್ ಕಡೆ ಕೈಮಾಡಿ, ‘ಅವನ ಜೊತೆ ಹೋಗೋ, ಒಬ್ಬನೇ ಬಿಟ್ಟಿದೀಯ!’ ಎಂದು ಕೂಗಿದರು. ಎರಡನೇ ಅರ್ಧದಲ್ಲಿ ಆ ಬ್ಯಾಕ್ ಹೊರಗಡೆಯಿಂದ ಸುತ್ತಿ ಓಡಿದ. ಎದುರಾಳಿ ಒಬ್ಬ ಅವನ ಹಿಂದೆ ಹೋದ, ನಮ್ಮ ಸಣಕಲು ಹುಡುಗನಿಗೆ ಒಂದೂವರೆ ಹೆಜ್ಜೆ ಜಾಗ ಸಿಕ್ಕಿತು. ಅಷ್ಟೇ ಸಾಕಾಗಿತ್ತು ಅವನಿಗೆ.

ಆ ಹಿರಿಯರ ಕಣ್ಣು ನಮಗೆ ಬೇಕು, ಗೆಳೆಯರೇ. ಮುಂದಿನ ಸಲ ಕ್ಲಬ್‌ನವರ ಎದುರು ಮಾತಾಡುವ ಅವಕಾಶ ಸಿಕ್ಕಾಗ ಛಾಂಗ್ಟೆ ಬರುತ್ತಾರಾ, ಲಿಸ್ಟನ್ ಬರುತ್ತಾರಾ ಎಂದು ಕೇಳಿ ಅವರನ್ನು ಸುಲಭವಾಗಿ ಬಿಟ್ಟುಬಿಡಬೇಡಿ. ಅಂಚಿಗೆ ಬೇಗ ಚೆಂಡು ಮುಟ್ಟಿಸುವ ಮಿಡ್‌ಫೀಲ್ಡರ್ ಯಾರು ಎಂದು ಕೇಳಿ. ಓವರ್‌ಲ್ಯಾಪ್ ಮಾಡಬಲ್ಲ ಎರಡನೇ ರೈಟ್ ಬ್ಯಾಕ್ ಇದ್ದಾನೆಯೇ ಎಂದು ಕೇಳಿ. ಕಾರ್ನರ್‌ಗಳನ್ನು ತಡೆಯುವ ಅಭ್ಯಾಸ ಹೇಗೆ ನಡೆಯುತ್ತಿದೆ ಎಂದು ಕೇಳಿ. 2017ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಅಕಾಡೆಮಿಯಿಂದ ಮೊದಲ ತಂಡಕ್ಕೆ ಬಂದ ಹುಡುಗರಿಗೆ ಈ ಸೀಸನ್‌ನಲ್ಲಿ ಎಷ್ಟು ನಿಮಿಷ ಆಟ ಸಿಗುತ್ತದೆ ಎಂದು ಬಿಡದೆ ಕೇಳಿ. ಆ ಹುಡುಗರು ಮೊದಲ ಎರಡು ಚೆಂಡು ಕಳೆದುಕೊಂಡರೆ ಗೊಣಗದೆ ಮೂರನೆಯದಕ್ಕೆ ಕೂಗು ಹಾಕುವ ಕೆಲಸ ಮಾತ್ರ ನಮ್ಮದು.

ಸೂಪರ್ ಡಿವಿಷನ್ ಶುರುವಾದಾಗ ನಾನು ಅಶೋಕನಗರಕ್ಕೆ ಹೋಗುತ್ತೇನೆ, ಗೋಲಿನ ಹಿಂದಿನ ಸ್ಟ್ಯಾಂಡ್‌ಗಲ್ಲ, ಬಲಗೆರೆಯ ಹತ್ತಿರಕ್ಕೆ. ಜೊತೆಗೆ ಬರುವವರು ಡ್ರಮ್ಮನ್ನೂ ತನ್ನಿ.

ನಿಮ್ಮವನೇ ಆದ,
ವೆಸ್ಟ್ ಬ್ಲಾಕ್‌ನ ಒಬ್ಬ ಅಭಿಮಾನಿ