ಪರೀಕ್ಷೆಯ ಮುನ್ನಾರಾತ್ರಿಯವರಿಗೆ ಅರ್ಪಿಸಿದ ಬಿನ್ನವತ್ತಳೆ



ನಾಡಿನ ವಿಶ್ವವಿದ್ಯಾಲಯಗಳ ವಿದ್ಯಾಭ್ಯಾಸವನ್ನು ಬಹುಮಟ್ಟಿಗೆ ಒಂಟಿಯಾಗಿಯೇ ಹೊತ್ತು ನಡೆಸಿಕೊಂಡು ಬಂದಿದ್ದರೂ ಯಾವ ಘಟಿಕೋತ್ಸವದಲ್ಲಿಯೂ ಒಂದು ಕುರ್ಚಿ ಕಾಣದ ಪರೀಕ್ಷೆಯ ಮುನ್ನಾರಾತ್ರಿಯವರಿಗೆ ಈ ಬಿನ್ನವತ್ತಳೆಯನ್ನು, ಎಂದರೆ ಸಭೆಯ ಮುಂದೆ ಓದಿ, ಗಾಜಿನ ಚೌಕಟ್ಟು ಹಾಕಿಸಿ ಕೊಟ್ಟ ಮೇಲೆ ಅಟ್ಟ ಸೇರುವ ಮಾನಪತ್ರವನ್ನು, ಗೌರವಪೂರ್ವಕವಾಗಿ ಅರ್ಪಿಸಲಾಗುತ್ತಿದೆ. ಸನ್ಮಾನಗಳು ಸಂಜೆ ಐದಕ್ಕೆಂದು ಅಚ್ಚಾಗಿ ಏಳಕ್ಕೆ ಆರಂಭವಾಗುವುದು ರೂಢಿಯಾದರೂ, ಸನ್ಮಾನಿತರು ಹನ್ನೊಂದರ ನಂತರವೇ ಕಾರ್ಯಪ್ರವೃತ್ತರಾಗುವವರಾದ್ದರಿಂದ ಸಭೆಯನ್ನು ನಡುರಾತ್ರಿಗೆ ಇಟ್ಟುಕೊಳ್ಳಬೇಕಾಯಿತು. ಮೈಸೂರು ಪೇಟಕ್ಕೆ ತಲೆಯೂ ಶಾಲಿಗೆ ಹೆಗಲೂ ಅವರಿಗಿಲ್ಲವೆಂಬ ತೊಡಕನ್ನು ಸ್ವಾಗತ ಸಮಿತಿ ಇನ್ನೂ ಪರಿಶೀಲಿಸುತ್ತಿದೆ.

ಸನ್ಮಾನಿತರ ಮನೆತನ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ಅವರು ಈ ನೆಲದಲ್ಲಿ ಅಧಿಕೃತವಾಗಿ ನೆಲೆಸಿದ್ದಾರೆಂದು ಹೇಳಬಹುದು. ಪರೀಕ್ಷೆ ವರ್ಷಕ್ಕೊಮ್ಮೆ ಎಳೆಯುವ ತೇರಿನಂತಿದ್ದ ಹಿಂದಿನ ದಿನಗಳಲ್ಲಿ, ಸೋಮವಾರ ಒಬ್ಬರ ಮನೆ ಮಂಗಳವಾರ ಇನ್ನೊಬ್ಬರ ಮನೆ ಎಂದು ದಿನಕ್ಕೊಂದು ಕಡೆ ಉಂಡು ಓದು ಸಾಗಿಸುತ್ತಿದ್ದ ವಾರಾನ್ನದ ಹುಡುಗರು ಅವರನ್ನು ಬೀದಿದೀಪದಡಿ ಬರಮಾಡಿಕೊಳ್ಳುತ್ತಿದ್ದರು. (ಆತ್ಮಕಥೆಗಳನ್ನು ನಂಬುವುದಾದರೆ, ಬೀದಿದೀಪದ ಕೆಳಗೆ ಓದಿ ಮುಂದೆ ಬಂದವರ ಸಂಖ್ಯೆ ಆಗಿನ ಬೀದಿದೀಪಗಳ ಸಂಖ್ಯೆಗಿಂತ ಹೆಚ್ಚು.) ಅನಂತರ ವರ್ಷವನ್ನು ಎರಡಾಗಿ ಸೀಳುವ ಸೆಮಿಸ್ಟರ್ ಪದ್ಧತಿ ಬಂದಿತು, ಅದರಿಂದ ಓದು ವರ್ಷವಿಡೀ ಹರಡಿಕೊಳ್ಳುವುದೆಂದು ನಿರೀಕ್ಷಿಸಿದ್ದರೂ ಹರಡಿಕೊಂಡದ್ದು ಸನ್ಮಾನಿತರ ವ್ಯಾಪ್ತಿ ಮಾತ್ರ. ಸೆಮಿಸ್ಟರಿಗೆ ಐದೇ ಪತ್ರಿಕೆಗಳೆಂದು ಹಿಡಿದರೂ ಮೂರು ವರ್ಷದ ಪದವಿಗೆ ಅವರು 30 ಬಾರಿ ದಯಮಾಡಿಸಬೇಕಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಗೆ ಅವಕಾಶವಾದಾಗ ಈ ಲೆಕ್ಕ 40ಕ್ಕೆ ಏರುವ ಲಕ್ಷಣವಿತ್ತಾದರೂ, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಅವರಿಗೆ ಆದ ನಷ್ಟಕ್ಕೆ ಈ ಸಭೆ ಸಂತಾಪ ಸೂಚಿಸುತ್ತದೆ.

ಸನ್ಮಾನಿತರ ಸಾಧನೆಯ ತಿರುಳು ಸೆಮಿಸ್ಟರಿನ ಕೊನೆಯಲ್ಲಿಲ್ಲ, ಮೊದಲ ತಿಂಗಳಲ್ಲಿದೆ. ಅವರನ್ನು ಹೊಗಳುವವರೂ ಬೈಯುವವರೂ ಈ ಸಂಗತಿಯನ್ನು ಸಮನಾಗಿ ಮರೆಯುತ್ತಾರೆ. ಪಿಯು ಮುಗಿಯುವವರೆಗೆ ವಿದ್ಯಾರ್ಥಿಯನ್ನು ವಾರಕ್ಕೊಂದು ಟೆಸ್ಟು, ಮನೆಗೆ ಹೋಗುವ ಫೋನು, ಅಂಕಪಟ್ಟಿಯ ಮೇಲೆ ಅಪ್ಪನ ಸಹಿ ಇವೆಲ್ಲ ಸೇರಿ ಹಿಡಿದು ಓದಿಸುತ್ತಿದ್ದು, ವಿಶ್ವವಿದ್ಯಾಲಯದ ಗೇಟು ದಾಟಿದ ದಿನವೇ ಆ ಹಿಡಿತವೆಲ್ಲ ಸಡಿಲಗೊಂಡು, ತರಗತಿಗೆ ಬಂದೆಯಾ ಎಂದು ಕೇಳುವುದು ಹಾಜರಿ ಪುಸ್ತಕವೊಂದೇ ಆಗುತ್ತದೆ. ಅದೂ ಶೇಕಡಾ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸದ ‘ಶಾರ್ಟೇಜ್’ ಎಂಬ ದಂಡನೆಯ ಲೆಕ್ಕಕ್ಕಾಗಿ ಕೇಳುತ್ತದೆಯೇ ಹೊರತು ಅರ್ಥವಾಯಿತೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಈ ತಿಂಗಳು ಇನ್ನೂ ಬಿಗಿ. ಅರವತ್ತು ಜನರ ನಡುವೆ ಎದ್ದು ನಿಂತು ಇದು ತಿಳಿಯಲಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಬೇಕೋ ಕನ್ನಡದಲ್ಲಿ ಹೇಳಬೇಕೋ ಎಂಬ ಗೊಂದಲದಲ್ಲಿಯೇ ಗಂಟೆ ಹೊಡೆಯುತ್ತದೆ. ಆಮೇಲೆ ನೋಡಿದರಾಯಿತು ಎಂದುಕೊಂಡ ಆ ‘ಆಮೇಲೆ’ಯೇ ನಾಲ್ಕು ತಿಂಗಳು ಬಡ್ಡಿ ಬೆಳೆಸಿಕೊಂಡು ಸನ್ಮಾನಿತರ ರೂಪದಲ್ಲಿ ಬಾಗಿಲು ತಟ್ಟುತ್ತದೆ.

ಶಾಸ್ತ್ರಗಳು ಸನ್ಮಾನಿತರ ಬಗ್ಗೆ ಏನು ಹೇಳುತ್ತವೆಂಬುದನ್ನೂ ಇಲ್ಲಿ ನೆನೆಯುವುದು ಉಚಿತ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳನ್ನು ನಾನಾ ಬಗೆಯ ಕಷ್ಟಕ್ಕೆ ಒಡ್ಡಿ, ದೇಹವು ಮೊದಲು ಗಾಬರಿಗೊಂಡು, ಆಮೇಲೆ ಸೆಣಸಿ, ಕಷ್ಟ ಮುಗಿಯದಿದ್ದರೆ ಕೊನೆಗೆ ಸೋತು ಬಳಲುವ ಮೂರು ಹಂತಗಳನ್ನು ಗುರುತಿಸಿದನು. ಇಂದು ಒತ್ತಡವೆಂದು ಕರೆಯಲಾಗುವ ಪರಿಕಲ್ಪನೆ ಬೆಳೆದದ್ದು ಅಲ್ಲಿಂದ. ಅದಕ್ಕೂ ಮೊದಲು, 1908ರಲ್ಲಿ, ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು ಸಣ್ಣ ಇಲಿಗಳಿಗೆ ವಿದ್ಯುತ್ತಿನ ಪೆಟ್ಟು ಕೊಟ್ಟು ಪಾಠ ಕಲಿಸಿ, ಸುಲಭದ ಪಾಠವನ್ನು ಜೋರು ಪೆಟ್ಟು ಬೇಗ ಕಲಿಸಿದರೂ ಕಷ್ಟದ ಪಾಠಕ್ಕೆ ಹದವಾದ ಪೆಟ್ಟೇ ಮೇಲೆಂದು ಕಂಡುಕೊಂಡರು. ಆದುದರಿಂದ ಒಂದಿಷ್ಟು ಭಯ ಓದಿಗೆ ಒಳ್ಳೆಯದೇ. ಸನ್ಮಾನಿತರ ವೈಶಿಷ್ಟ್ಯವೆಂದರೆ ಅವರು ಕಷ್ಟದ ಪಾಠಕ್ಕೇ ಅತಿ ಜೋರು ಪೆಟ್ಟನ್ನು ಮೀಸಲಿಡುತ್ತಾರೆ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಇನ್ನೂ ಹತ್ತಿರದ್ದು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ಬಹುಪಾಲು ಮೊದಲ ದಿನದೊಳಗೇ ಆಗಿಹೋಗುತ್ತದೆಂದೂ, ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದರೆ ಕಡಿಮೆ ಶ್ರಮ ಸಾಕೆಂದೂ ಅವನು ಅಳೆದು ತೋರಿಸಿದನು. ತಿಳಿಯದ ಭಾಷೆಯ ನೋಟ್ಸನ್ನು ಬೆಳಗಿನ ಜಾವದವರೆಗೆ ಗಟ್ಟಿ ಮಾಡುವ ವಿದ್ಯಾರ್ಥಿ ಇದೇ ಪ್ರಯೋಗವನ್ನು ಶುಲ್ಕ ಕಟ್ಟಿ ಮಾಡುತ್ತಿದ್ದಾನೆ.

ಸನ್ಮಾನಿತರ ಕಾರ್ಯಕ್ಷೇತ್ರವಾದ ಹಾಸ್ಟೆಲ್ ಕೋಣೆಯ ವರ್ಣನೆಯಿಲ್ಲದೆ ಈ ಪತ್ರ ಪೂರ್ಣವಾಗದು. ಮೂರು ಮಂಚಗಳ ನಡುವೆ ಜೆರಾಕ್ಸಿನ ಜೆರಾಕ್ಸಿನಿಂದ ತೆಗೆದ, ಅಂಚಿನ ಅಕ್ಷರಗಳು ಅಳಿಸಿಹೋದ ‘ಪಾಸಿಂಗ್ ಪ್ಯಾಕೇಜ್’ ಬಿದ್ದಿರುತ್ತದೆ. ಇಷ್ಟು ಓದಿದರೆ ಪಾಸು ಖಂಡಿತವೆಂದು ಸೀನಿಯರುಗಳಿಂದ ಪರಂಪರೆಯಾಗಿ ಬರುವ ಪ್ರಶ್ನೆಗಳ ಗಂಟಿಗೆ ಆ ಹೆಸರು. ಅದರ ಹನ್ನೆರಡನೆಯ ಪುಟ ಯಾವ ಪ್ರತಿಯಲ್ಲಿಯೂ ಇರುವುದಿಲ್ಲ. ಕಂಬೈಂಡ್ ಸ್ಟಡಿ ಎಂಬ ವ್ರತವನ್ನು ಕೈಗೊಂಡವರಲ್ಲಿ ಒಬ್ಬನು ಗಟ್ಟಿಯಾಗಿ ಓದುತ್ತಿದ್ದು, ಇನ್ನೊಬ್ಬನು ಮೂರನೆಯ ಮಾಡ್ಯೂಲ್ ಬಂದೇ ಬರುತ್ತದಂತೆ ಎಂದು ಮೊಬೈಲ್ ನೋಡಿ ಘೋಷಿಸುತ್ತಾನೆ. ಅಷ್ಟು ಹೊತ್ತೂ ನಾಲ್ಕನೆಯದನ್ನು ಓದುತ್ತಿದ್ದವನ ಮುಖದ ಬಣ್ಣ ಅಲ್ಲಿಯೇ ಇಳಿಯುತ್ತದೆ. ಮೂಲೆಯಲ್ಲಿರುವ ಮೂರನೆಯವನು ಇಂಗ್ಲಿಷ್ ಪದವೊಂದರ ಕೆಳಗೆ ಪೆನ್ಸಿಲಿನಿಂದ ಸಣ್ಣದಾಗಿ ‘ಘರ್ಷಣೆ’ ಎಂದು ಬರೆದುಕೊಂಡು, ಇಷ್ಟೇನಾ ಎಂಬಂತೆ ಅದನ್ನೇ ನೋಡುತ್ತಾನೆ. ಆ ಕ್ಷಣದಲ್ಲಿ ಆ ಕೋಣೆಯಲ್ಲಿ ಕಲಿಕೆಯೆಂಬುದು ನಡೆದಿರುತ್ತದೆ. ಆಗಸ್ಟ್ ತಿಂಗಳಲ್ಲಿ ಎರಡು ನಿಮಿಷಕ್ಕೆ ಆಗಬಹುದಾಗಿದ್ದ ಕೆಲಸವದು. ಫ್ಲಾಸ್ಕಿನ ಕಾಫಿ ಇವರೆಲ್ಲರ ಆಧಾರ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಕೂಡಿಕೊಳ್ಳುವ ಅಡೆನೋಸಿನ್ ಎಂಬ ವಸ್ತು ನಿದ್ದೆ ಬೇಕೆಂದು ತಿಳಿಸುವ ಸಂಕೇತವಾಗಿದ್ದು, ಕೆಫೀನ್ ಅದರ ಜಾಗದಲ್ಲಿ ತಾನು ಹೋಗಿ ಕೂರುವುದರಿಂದ ಸುಸ್ತು ತೀರುವುದಿಲ್ಲ, ಸುಸ್ತಿನ ಸುದ್ದಿ ತಲುಪುವುದಿಲ್ಲ ಅಷ್ಟೆ.

ಆಹ್ವಾನವಿದ್ದೂ ಬಾರದವರನ್ನು ಸ್ಮರಿಸುವುದು ಸಭಾಮರ್ಯಾದೆ. ಓದಿದ್ದನ್ನು ನೆನಪಿನಲ್ಲಿ ನೆಲೆಗೊಳಿಸುವ ಹೊಣೆ ಹೊತ್ತಿರುವ ನಿದ್ದೆಯವರು ಸನ್ಮಾನಿತರೊಡನೆ ವೇದಿಕೆ ಹಂಚಿಕೊಳ್ಳಲು ಒಪ್ಪಲಿಲ್ಲ. ಗ್ರಂಥಾಲಯ ಆರಕ್ಕೇ ಬಾಗಿಲು ಹಾಕಿತು. ಆಪ್ತಸಮಾಲೋಚನೆಯ ಕೊಠಡಿ, ಎಂದರೆ ಮನಸ್ಸಿನ ತೊಳಲಾಟವನ್ನು ತರಬೇತಿ ಪಡೆದವರ ಮುಂದೆ ಹೇಳಿಕೊಳ್ಳುವ ಜಾಗ, ಎಷ್ಟೋ ಕಾಲೇಜುಗಳಲ್ಲಿ ಕ್ರೀಡಾ ಸಾಮಗ್ರಿಗಳಿಗೂ ಅದೇ ಆಗಿದ್ದು, ಅದರ ಬೀಗದ ಕೈ ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ಇರುತ್ತದೆ. ಈ ಹೊತ್ತಿನಲ್ಲಿ ಸನ್ಮಾನಿತರಷ್ಟೇ ಎಚ್ಚರವಾಗಿರುವುದು ಟೆಲಿ ಮಾನಸ್ ಒಂದೇ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416 ಎಂದೂ, ದಿನದ 24 ಗಂಟೆಯೂ ಕನ್ನಡದಲ್ಲಿಯೇ ಮಾತನಾಡಬಹುದೆಂದೂ, ಕರೆ ಮಾಡಲು ಹುಚ್ಚು ಹಿಡಿದಿರಬೇಕೆಂಬ ನಿಯಮವೇನೂ ಇಲ್ಲವೆಂದೂ ಇಲ್ಲಿ ದಾಖಲಿಸಲಾಗಿದೆ. ಮಾನಪತ್ರದ ನಡುವೆ ಈ ಮಾತು ಸೇರಿದ್ದಕ್ಕೆ ಸನ್ಮಾನಿತರು ಮುನಿಸಿಕೊಳ್ಳಬಾರದು. ಕೆಲವು ಕೋಣೆಗಳಲ್ಲಿ ಅವರು ಬಂದ ಮೇಲೆ ನಗೆ ನಿಂತುಹೋಗಿರುವುದನ್ನು ಈ ಸಭೆ ಬಲ್ಲದು.

ಇನ್ನು ಹಾರಾರ್ಪಣೆ ನಡೆಯಬೇಕಾಗಿತ್ತು. ಆದರೆ ಬಿನ್ನವತ್ತಳೆಯ ಓದು ಮುಗಿಯುವಷ್ಟರಲ್ಲಿ ಹಾಲಿನ ಗಾಡಿ ಬಂದು, ಕಿಟಕಿ ಬೆಳ್ಳಗಾಗಿ, ಸನ್ಮಾನಿತರು ಯಾರಿಗೂ ಹೇಳದೆ ಎದ್ದು ಹೋಗಿದ್ದಾರೆ. ವಿದ್ಯಾರ್ಥಿಗಳು ಹಾಲ್ ಟಿಕೆಟ್ ಎಲ್ಲಿಟ್ಟಿದ್ದೇವೆಂದು ಹುಡುಕುತ್ತಿದ್ದಾರೆ. ಮುಂದಿನ ಪತ್ರಿಕೆ ಗುರುವಾರವಿರುವುದರಿಂದ, ಬಾಡಿಗೆಗೆ ತಂದಿರುವ ಪೇಟವನ್ನು ಅಂಗಡಿಗೆ ಹಿಂತಿರುಗಿಸದೆ ಬುಧವಾರ ರಾತ್ರಿಯವರೆಗೆ ಇರಿಸಿಕೊಳ್ಳತಕ್ಕದ್ದೆಂದು ಸ್ವಾಗತ ಸಮಿತಿಗೆ ಸೂಚಿಸಲಾಗಿದೆ.