ಆಟಿ ತಿಂಗಳಲ್ಲಿ ಐಸ್ ಮಕಿಯಾಟೊ

ಐಸ್ ಲಾಟೆ ಮತ್ತು ಐಸ್ ಮಕಿಯಾಟೊ ಎಂಬ ಎರಡು ತಣ್ಣನೆಯ ಕಾಫಿಗಳ ನಡುವಣ ವ್ಯತ್ಯಾಸವು ಸಾಮಗ್ರಿಯಲ್ಲಿಲ್ಲ, ಸಾಮಗ್ರಿಯನ್ನು ಲೋಟಕ್ಕೆ ಹೊಯ್ಯುವ ಕ್ರಮದಲ್ಲಿದೆ. ಎರಡಕ್ಕೂ ಬೇಕಾದುದು ಎಸ್ಪ್ರೆಸೊ, ಹಾಲು, ಐಸು ಮತ್ತು ಒಂದಿಷ್ಟು ಸಿಹಿ. ಇವುಗಳಲ್ಲಿ ಎಸ್ಪ್ರೆಸೊ ಎಂದರೆ ನುಣ್ಣಗೆ ಬೀಸಿದ ಸುಮಾರು 18 ಗ್ರಾಂ ಕಾಫಿಪುಡಿಯ ಮೂಲಕ, ಕುದಿಗೆ ತುಸು ಕೆಳಗಿನ ಬಿಸಿಯ ನೀರನ್ನು ವಾಯುಭಾರದ ಒಂಬತ್ತು ಪಟ್ಟು ಒತ್ತಡದಲ್ಲಿ ನುಗ್ಗಿಸಿ, 25ರಿಂದ 30 ಸೆಕೆಂಡುಗಳೊಳಗೆ ಇಳಿಸಿಕೊಂಡ ಗಟ್ಟಿ ಕಷಾಯ. ಲಾಟೆಯಲ್ಲಿ ಈ ಎಸ್ಪ್ರೆಸೊ ಮೊದಲು ಲೋಟದ ತಳ ಸೇರಿ, ಆಮೇಲೆ ಐಸು, ಅದರ ಮೇಲೆ ತಣ್ಣನೆಯ ಹಾಲು ಬೀಳುವುದರಿಂದ ಹೊಯ್ಯುವಾಗಲೇ ಬಹುಮಟ್ಟಿಗೆ ಎಲ್ಲವೂ ಬೆರೆತು ಒಂದೇ ಬಣ್ಣಕ್ಕೆ ತಿರುಗುತ್ತದೆ. ಮಕಿಯಾಟೊದಲ್ಲಾದರೋ ಸಿಹಿಯ ಪಾಕ ತಳದಲ್ಲಿ, ಅದರ ಮೇಲೆ ಹಾಲು, ಹಾಲಿನಲ್ಲಿ ಐಸು, ಕಟ್ಟಕಡೆಗೆ ಐಸಿನ ನೆತ್ತಿಯ ಮೇಲೆ ನೂಲಿನಂತೆ ಇಳಿಸಿದ ಬಿಸಿ ಎಸ್ಪ್ರೆಸೊ. ಬಿಸಿಯಾದ ದ್ರವ ಹಗುರ, ತಣ್ಣನೆಯ ಹಾಲು ಭಾರ, ಪಾಕ ಇನ್ನೂ ಭಾರವಾದ ಕಾರಣ ಲೋಟದೊಳಗೆ ಮೂರು ಪದರಗಳು ಒಂದರ ಮೇಲೊಂದು ನಿಲ್ಲುತ್ತವೆ. ಇಟಲಿಯ ಹಳೆಯ ಮಕಿಯಾಟೊ ಎಸ್ಪ್ರೆಸೊಗೆ ತೊಟ್ಟು ಹಾಲು ಹಾಕಿದ ಅಲ್ಪಸಂತುಷ್ಟ ಪಾನೀಯ. ಪದರಗಳ ಈ ಆಡಂಬರವನ್ನು ಊರೂರಿಗೆ ಹಬ್ಬಿಸಿದ್ದು 1996ರಲ್ಲಿ ಸ್ಟಾರ್‌ಬಕ್ಸ್ ಹೊರತಂದ ಕ್ಯಾರಮೆಲ್ ಮಕಿಯಾಟೊ.

ಹೊಯ್ಯುವ ಕ್ರಮದ ಈ ಸೂಕ್ಷ್ಮವನ್ನು ಪರೀಕ್ಷೆಗೊಡ್ಡಿದ ಅತ್ಯುತ್ತಮ ನಿದರ್ಶನವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಹವ್ಯಕ ಮನೆಯಲ್ಲಿ ದೊರೆಯುತ್ತದೆ. ಹೊರನಾಡ ಕನ್ನಡಿಗರಲ್ಲಿ ಈ ಕುಟುಂಬಕ್ಕೆ ಎರಡು ಬಗೆಯ ಸ್ಥಾನಮಾನವಿದೆ: ಮಗ, ಸೊಸೆ ಮತ್ತು ಪುಳ್ಳಿಯಕ್ಕಳು, ಎಂದರೆ ಮೊಮ್ಮಕ್ಕಳು, ವಿಮಾನ ಹತ್ತಿ ಅಬುಧಾಬಿಗೆ ಹೋಗಿ ಹೊರನಾಡಿಗರಾದವರು, ಅಜ್ಜನಾದರೋ ತೋಟದಿಂದ ಹಟ್ಟಿಗೆ, ಹಟ್ಟಿಯಿಂದ ಚಾವಡಿಗೆ ನಡೆದುದನ್ನು ಬಿಟ್ಟರೆ ಹೆಚ್ಚೆಲ್ಲಿಗೂ ಹೋಗದೆ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ತಾಲೂಕು 1956ರ ನವೆಂಬರ್ 1ರಂದು ಕೇರಳದ ಪಾಲಾದ ಕಾರಣ ಕುಳಿತಲ್ಲೇ ಹೊರನಾಡಿಗರಾದವರು. ಯಾರ ಹೊರನಾಡುತನ ಹೆಚ್ಚು ಅಸಲಿ ಎಂಬ ಚರ್ಚೆ ವರ್ಷಕ್ಕೊಮ್ಮೆ ಚಾವಡಿಯಲ್ಲಿ ಏಳುವುದೂ, ಟಿಕೆಟಿನ ಖರ್ಚಿಲ್ಲದೆ ಪಡೆದದ್ದೇ ಶ್ರೇಷ್ಠವೆಂದು ಅಜ್ಜ ಗೆಲ್ಲುವುದೂ ರೂಢಿಯಾಗಿದೆ.

ಕೊಲ್ಲಿಯ ಶಾಲೆಗಳಿಗೆ ಬೇಸಗೆ ರಜೆ ಸಿಗುವುದು ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಅಂದರೆ ಇಲ್ಲಿ ತುಳುನಾಡಿನ ಮಳೆತಿಂಗಳಾದ ಆಟಿಯ ಹೊತ್ತಿಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಗ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ, ಮನುಷ್ಯರು ಒಣಗುವುದು ಅದರ ಪಕ್ಕದಲ್ಲಿ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಅದರ ಕಷಾಯವನ್ನು ಬರಿಹೊಟ್ಟೆಗೆ ಕುಡಿಯುವುದು ತುಳುನಾಡಿನ ಉದ್ದಕ್ಕೂ ಇರುವಂತೆ ಈ ಮನೆಯಲ್ಲೂ ಇರುವ ಪದ್ಧತಿ. ಎಂದರೆ ಕಹಿಯನ್ನು ಕುಡಿಯುವುದರಲ್ಲಿ ಮನೆಗೆ ದೊಡ್ಡ ಪರಂಪರೆಯೇ ಇದೆ, ತಣ್ಣಗೆ ಕುಡಿಯುವುದರಲ್ಲಿ ಇಲ್ಲ. ನಲವತ್ತು ಡಿಗ್ರಿ ದಾಟಿದ ಅಬುಧಾಬಿಯಲ್ಲಿ ಐಸ್ ಕಾಫಿ ಕುಡಿಯುವುದು ವಿವೇಕವೇ ಸರಿ. ಅದನ್ನೇ ಕಂಬಳಿ ಹೊದ್ದುಕೊಂಡು, ಮಾಡಿನ ನೀರು ಅಂಗಳಕ್ಕೆ ಧಾರೆಗಟ್ಟುವುದನ್ನು ನೋಡುತ್ತ ಕುಡಿಯಬೇಕೆಂದು ಹಟ ಹಿಡಿದ ಹದಿನಾರರ ಪುಳ್ಳಿಯ ವಿವೇಕದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಮನೆಯಲ್ಲಿ ಎಸ್ಪ್ರೆಸೊ ಯಂತ್ರವಿರಲಿಲ್ಲ, ಆದ್ದರಿಂದ ಸೊಸೆ ತನ್ನ ಸೀರೆಗಳ ನಡುವೆ ಸುತ್ತಿ ಮೋಕಾ ಪಾತ್ರೆಯನ್ನು ತಂದಿದ್ದಳು. 1933ರಲ್ಲಿ ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ ಮಾರುಕಟ್ಟೆಗೆ ತಂದ ಈ ಪಾತ್ರೆಯ ಕೆಳಮನೆಯಲ್ಲಿ ನೀರು, ನಡುವಿನ ಜಾಲರಿಯಲ್ಲಿ ಪುಡಿ. ಒಲೆಯ ಮೇಲಿಟ್ಟರೆ ಹಬೆಯ ಒತ್ತಡಕ್ಕೆ ನೀರು ಪುಡಿಯನ್ನು ಹಾದು ಮೇಲಿನ ಮನೆಗೆ ಏರುತ್ತದೆ. ಒತ್ತಡ ವಾಯುಭಾರದ ಒಂದೆರಡು ಪಟ್ಟನ್ನು ಮೀರದ ಕಾರಣ ಇದರಿಂದ ಬರುವುದು ನಿಜವಾದ ಎಸ್ಪ್ರೆಸೊ ಅಲ್ಲ, ಆದರೆ ಮನೆಯ ಮಟ್ಟಿಗೆ ಅದಕ್ಕೆ ಅತಿ ಸಮೀಪದ ನೆಂಟ. ಸ್ಟೀಲಿನ ಫಿಲ್ಟರಿನಲ್ಲಿ ರಾತ್ರಿಯೇ ಇಳಿದ ಡಿಕಾಕ್ಷನ್ ಇರುವಾಗ ಈ ಸರ್ಕಸ್ಸು ಯಾತಕ್ಕೆ ಎಂಬ ಅಜ್ಜಿಯ ಪ್ರಶ್ನೆ ಅಸಂಗತವೇನಲ್ಲ, ಏಕೆಂದರೆ ಲಾಟೆಗೆ ಡಿಕಾಕ್ಷನ್ ಸಾಕು: ಕಾಲು ಲೋಟ ಮೊದಲ ಡಿಕಾಕ್ಷನ್ನನ್ನು ಬಿಸಿ ಮಾಡಿ ಸಕ್ಕರೆ ಕರಗಿಸಿ, ಐಸು ತುಂಬಿ, ಮಿಕ್ಕ ಜಾಗಕ್ಕೆ ಹಾಲು ಹೊಯ್ದರೆ ಮುಗಿಯಿತು. ಮಕಿಯಾಟೊಗೆ ಮಾತ್ರ ಇದು ಒದಗುವುದಿಲ್ಲ, ಆರಿದ ಡಿಕಾಕ್ಷನ್ ಹಾಲಿನ ಮೇಲೆ ತೇಲಲು ಅಷ್ಟಾಗಿ ಮನಸ್ಸು ಮಾಡುವುದಿಲ್ಲ, ಅದಕ್ಕೆ ಸಕ್ಕರೆ ಬೆರೆಸಿದ್ದರಂತೂ ಭಾರವಾಗಿ ನೇರ ತಳಕ್ಕೇ ಇಳಿಯುತ್ತದೆ. ಮಗ ಸೋಮಾರಿಯಾದ್ದರಿಂದ ಲಾಟೆಯ ಪಕ್ಷ, ಅವನ ಮಗಳಾದ ಪುಳ್ಳಿ ಮಕಿಯಾಟೊದ ಪಕ್ಷ. ಇಬ್ಬರೂ ತಮ್ಮ ತಮ್ಮ ಪಕ್ಷಕ್ಕೆ ರುಚಿಯ ಕಾರಣವನ್ನೇ ಕೊಡುತ್ತಿದ್ದರು.

ಇನ್ನು ಐಸಿನ ವಿಚಾರ. ಗಾಳಿಮಳೆಗೆ ಎಲ್ಲಿಯೋ ಅಡಿಕೆ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಫ್ರಿಜ್ಜು ಬರಿಯ ಕಪಾಟಾಗುತ್ತದೆ. ಕರೆಂಟು ಇದ್ದ ದಿನವೂ ಫ್ರಿಜ್ಜಿನಲ್ಲಿ ಬಿಡಿಸಿಟ್ಟ ಹಲಸಿನ ಹಣ್ಣು ಇದ್ದುದರಿಂದ, ಐಸು ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ಸ್ವಭಾವದ್ದಾದುದರಿಂದ, ಮೊದಲ ವಾರದ ಲಾಟೆಗಳೆಲ್ಲವೂ ಹಲಸಿನ ಲಾಟೆಗಳೇ ಆದವು. ಹಾಲಿನ ಸಮಸ್ಯೆ ಬೇರೆ ಬಗೆಯದು. ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ ತಳಿಯ ಹಸು. ಗಾತ್ರ ಸಣ್ಣದು, ಸಿಟ್ಟು ದೊಡ್ಡದು, ಹಾಲು ಹೊತ್ತಿಗೆ ಒಂದು ಲೀಟರು ಕೊಟ್ಟರೆ ಪುಣ್ಯ. ಆ ಹಾಲನ್ನು ಕಾಯಿಸದೆ ಬಾಯಿಗಿಡುವುದನ್ನು ಅಜ್ಜಿ ಒಪ್ಪುವುದಿಲ್ಲ, ಕಾಯಿಸಿ ತಣಿಸಿದರೆ ಕೆನೆಗಟ್ಟುತ್ತದೆ, ಕೆನೆಯ ಮೇಲೆ ಬಿದ್ದ ಕಾಫಿ ಪದರವಾಗಿ ಹರಡದೆ ಅಲ್ಲಲ್ಲಿ ಕೊಳದಂತೆ ನಿಲ್ಲುತ್ತದೆ. ಪುಳ್ಳಿ ಇದನ್ನು ಒಮ್ಮೆ ಗೊಣಗಿದ್ದಷ್ಟೇ; ಮರುದಿನದಿಂದ ಅಜ್ಜಿ ಯಾರಿಗೂ ಹೇಳದೆ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ ಕುಪ್ಪಿಗೆ ತುಂಬಿಸಿ ಇಡತೊಡಗಿದರು, ಹಲಸಿನ ಹಣ್ಣು ಫ್ರಿಜ್ಜಿನಿಂದ ಹೊರಬಿದ್ದು ಅಡುಗೆಮನೆಯ ಮೂಲೆ ಸೇರಿತು. ಆ ಮನೆಯಲ್ಲಿ ಹಲಸಿಗೆ ಇಂಥ ಅವಮಾನ ಹಿಂದೆಂದೂ ಆಗಿದ್ದಿಲ್ಲ.

ಚಮಚದ ಪ್ರಕರಣ ನಡೆದುದು ಈ ಎಲ್ಲ ಸಿದ್ಧತೆಗಳು ಫಲ ಕೊಟ್ಟ ಸಂಜೆ. ಪುಳ್ಳಿ ಗಾಜಿನ ಲೋಟದ ತಳಕ್ಕೆ ಬೆಲ್ಲದ ಪಾಕ ಇಳಿಸಿ, ಕುದಿವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆಂಬ ಅಜ್ಜಿಯ ಎಚ್ಚರಿಕೆಗೆ ತಣ್ಣನೆಯ ಹಾಲೇ ಉತ್ತರವೆಂದು ಸಾಧಿಸಿ ತೋರಿಸಿ, ಐಸಿನ ಮೇಲೆ ಚಮಚವನ್ನು ಮಗುಚಿ ಹಿಡಿದು ಅದರ ಬೆನ್ನಿನ ಮೇಲಿನಿಂದ ಮೋಕಾ ಕಾಫಿಯನ್ನು ಹನಿಹನಿಯಾಗಿ ಇಳಿಸಿದಳು. ಕೆಳಗೆ ಕಂದು, ನಡುವೆ ಬಿಳಿ, ಮೇಲೆ ಕಪ್ಪು. ಕಪ್ಪು-ಬಿಳಿಗಳ ನಡುವೆ ಹೊಗೆಯ ಎಳೆಯಂತೆ ಜಾರುವ ಒಂದೆರಡು ಗೆರೆ. ತೇವದ ಗಾಳಿಗೆ ಮೊಬೈಲಿನ ಕ್ಯಾಮರಾ ಮಂಜು ಹಿಡಿದಿದ್ದರಿಂದ ಅದನ್ನು ಒರೆಸಲು ಅವಳು ಬಟ್ಟೆ ಹುಡುಕಿಕೊಂಡು ಒಳಗೆ ಹೋದ ಹೊತ್ತಿಗೆ ಸರಿಯಾಗಿ, ತಲೆಯ ಮುಟ್ಟಾಳೆ ತೆಗೆದು ಜಗಲಿಯ ಮೊಳೆಗೆ ಸಿಕ್ಕಿಸಿ ಒಳಬಂದ ಅಜ್ಜ ಮೇಜಿನ ಬಳಿ ಕುಳಿತರು, ತಮಗಾಗಿಯೇ ಇಟ್ಟದ್ದೆಂದು ಲೋಟವನ್ನು ಸಮೀಪಕ್ಕೆ ಎಳೆದರು, ಸಕ್ಕರೆ ಡಬ್ಬಿಯ ಚಮಚವನ್ನು ಅದರೊಳಗೆ ಇಳಿಸಿ ತಿರುಗಿಸಿದರು. ಮೊದಲ ಸುತ್ತಿಗೆ ಕಪ್ಪು ಕುಸಿಯಿತು, ಎರಡನೆಯದಕ್ಕೆ ಬಿಳಿ ಇಲ್ಲವಾಯಿತು, ಆಮೇಲಿನ ಸುತ್ತುಗಳು ಶವಪರೀಕ್ಷೆಗೆ ಸಂಬಂಧಿಸಿದವು. ಸುತ್ತುಗಳ ಸಂಖ್ಯೆಯ ಬಗ್ಗೆ ಸಾಕ್ಷಿಗಳು ಒಮ್ಮತಕ್ಕೆ ಬಂದಿಲ್ಲ. ಮಗನ ಪ್ರಕಾರ ಮೂರು, ಪುಳ್ಳಿಯ ಪ್ರಕಾರ ಹನ್ನೊಂದು, ಅಜ್ಜನ ಪ್ರಕಾರ ತಾವು ಚಮಚವನ್ನು ಅಲ್ಲಿ ಸುಮ್ಮನೆ ಇಟ್ಟದ್ದು ಮಾತ್ರ. “ಅಜ್ಜಾ, ಕಲಕ್ಕಲಾಗ!” (ಕಲಕಬಾರದು) ಎಂಬ ಕೂಗು ಅಡುಗೆಮನೆಯಿಂದ ಹೊರಟಾಗ ಹಟ್ಟಿಯ ಗಿಡ್ಡ ಹಸುವೂ ಒಮ್ಮೆ ಅಂಬಾ ಎಂದಿತೆಂದು ಸೊಸೆಯ ಹೇಳಿಕೆ.

“ಅಡಿಲಿ ಬೆಲ್ಲ ಇದ್ದನ್ನೆ” (ಅಡಿಯಲ್ಲಿ ಬೆಲ್ಲ ಇದೆಯಲ್ಲ) ಎಂದಷ್ಟೇ ಅಜ್ಜ ಹೇಳಿದರು. ಈ ಮೂರು ಪದಗಳನ್ನು ತಪ್ಪೊಪ್ಪಿಗೆಯೆಂದು ಪುಳ್ಳಿಯೂ, ಸಮರ್ಥನೆಯೆಂದು ಮಗನೂ ವ್ಯಾಖ್ಯಾನಿಸಿದರು. ಕಲಕಿದ ಮಕಿಯಾಟೊ ಲಾಟೆಯೇ ಆಗುತ್ತದೆ, ಹಾಗಾಗಿ ತಂದೆ ಲೋಟವನ್ನು ಕೆಡಿಸಿಲ್ಲ, ಸರಿಯಾದ ಪಕ್ಷಕ್ಕೆ ತಂದರಷ್ಟೇ ಎಂಬುದು ಮಗನ ವಾದ. ಕ್ರಮವೇ ಪಾನೀಯದ ಲಕ್ಷಣವಾದ ಮೇಲೆ ಮಕಿಯಾಟೊವಾಗಿ ಹುಟ್ಟಿದ್ದು ಲಾಟೆಯಾಗಿ ಸಾಯಲಾರದು, ಅದು ಎರಡೂ ಅಲ್ಲದ ಒಂದು ಗಲೀಜು ಎಂಬುದು ಪುಳ್ಳಿಯ ಪ್ರತಿವಾದ. ತರ್ಕದ ದೃಷ್ಟಿಯಿಂದ ಹುಡುಗಿಯದೇ ಬಲವಾದ ವಾದವೆಂದು ಒಪ್ಪಬೇಕು, ಆದರೆ ಅಜ್ಜನ ಇತಿಹಾಸ ಅದಕ್ಕಿಂತಲೂ ಬಲವಾದುದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಎಳೆದು ತೋರಿಸಿದ ಗೆರೆಗಾಗಿ ಅರ್ಧ ಆಯುಷ್ಯ ಕಾದವರಿಗೆ, ಲೋಟದಲ್ಲಿ ಹಾಲಿಗೂ ಕಾಫಿಗೂ ನಡುವೆ ಎಳೆದ ಗೆರೆಯ ಮೇಲೆ ಭಕ್ತಿ ಹುಟ್ಟಬೇಕೆಂದು ಬಯಸುವುದು ಅತಿಯಾಯಿತು. ಅದೂ ಅಲ್ಲದೆ ಅಜ್ಜನನ್ನು ಕಾಫಿಯ ವಿಷಯದಲ್ಲಿ ಹಳ್ಳಿಗಮಾರನೆನ್ನುವಂತಿಲ್ಲ. 1957ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾದ ಎ.ಕೆ. ಗೋಪಾಲನ್ ಅವರೇ, ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರನ್ನು ಸಹಕಾರ ಸಂಘ ಕಟ್ಟುವಂತೆ ಹುರಿದುಂಬಿಸಿದವರು. ಹಾಗೆ ಹುಟ್ಟಿದ ಇಂಡಿಯನ್ ಕಾಫಿ ಹೌಸಿನ ಕಣ್ಣೂರಿನ ಮೇಜಿನಲ್ಲಿ ಹರೆಯದಲ್ಲಿ ಕಾಫಿ ಕುಡಿದದ್ದನ್ನು ಅಜ್ಜ ಪದವಿಪತ್ರದಂತೆ ಈಗಲೂ ಎತ್ತಿ ತೋರಿಸುತ್ತಾರೆ. ಅಲ್ಲಿ ಕಲಕಲು ಚಮಚವನ್ನು ಕಾಫಿ ಹೌಸಿನವರೇ ಕೊಡುತ್ತಿದ್ದರೆಂಬುದು ಅಜ್ಜನ ಅಂತಿಮ ದಾಖಲೆ.

ಪುಳ್ಳಿಗೆ ತಿಳಿಯದ ಇನ್ನೊಂದು ಸಂಗತಿಯನ್ನು ಸೊಸೆ ಆಮೇಲೆ ವಿವರಿಸಿದಳು. ಸಕ್ಕರೆ ರೇಷನ್ ಚೀಟಿಗೆ ಇಷ್ಟೆಂದು ಸಿಗುತ್ತಿದ್ದ ಕಾಲದಲ್ಲಿ ಮನೆ ತುಂಬ ಮಕ್ಕಳಿದ್ದಾಗ ಲೋಟದ ಅಡಿಯಲ್ಲಿ ಕರಗದೆ ಉಳಿದ ಸಕ್ಕರೆಯೆಂದರೆ ಯಾರದೋ ಪಾಲು ತೊಳೆಯುವ ನೀರಿಗೆ ಹೋದಂತೆ. ಆದ್ದರಿಂದ ಪ್ರತಿ ಮಗುವಿನ ಲೋಟವನ್ನೂ ಅಜ್ಜ ತಾವೇ ಕಲಕಿ ಕೊಡುತ್ತಿದ್ದರು, ಆ ಚಮಚ ಇಂದಿಗೂ ನಿಂತಿಲ್ಲ. ಈ ಮಾತು ಮುಗಿಯುವ ಮೊದಲೇ ಅಜ್ಜ ಲೋಟದ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಪುಳ್ಳಿಯ ಮುಂದೆ ದೂಡಿದ್ದರು. ಅವಳು ಮುಖ ಊದಿಸಿಕೊಂಡೇ ಅದನ್ನು ಖಾಲಿ ಮಾಡಿದಳು. ಕಲಕಿದ್ದೇ ಆ ರಜೆಯ ಅತಿ ರುಚಿಯ ಕಾಫಿಯೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿದೆ. ಬಾಯಿಬಿಟ್ಟು ಹೇಳಿದರೆ ಎರಡೂ ಪಕ್ಷಕ್ಕೆ ಸೋಲಾಗುವುದರಿಂದ ಯಾರೂ ಹೇಳಿಲ್ಲ.

ಅಜ್ಜಿಯ ತೀರ್ಪು ಬಂದುದು ತಡವಾಗಿ, ಅದೂ ಅಡಿಕೆ ಸುಲಿಯುವ ಕೆಲಸದಿಂದ ತಲೆಯೆತ್ತದೆ. ಅವರ ಮುಂದೆ ಲಾಟೆಯನ್ನೂ, ಹೊಸದಾಗಿ ಕಟ್ಟಿದ ಮಕಿಯಾಟೊವನ್ನೂ ಒಟ್ಟೊಟ್ಟಿಗೆ ಇಟ್ಟು ಯಾವುದು ಒಳ್ಳೆಯದೆಂದು ಕೇಳಲಾಗಿ, “ಎರಡುದೆ ಒಂದೇ, ರಜ ಬೆಶಿ ಮಾಡಿ ಕೊಡು” ಎಂದರು. ಎರಡೂ ಒಂದೇ, ತುಸು ಬಿಸಿ ಮಾಡಿ ಕೊಡು ಎಂದು ಅರ್ಥ. ಸೊಸೆ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು, ಐಸು ಕರಗಿ ಕುದಿಯಿತು, ಸ್ಟೀಲಿನ ಲೋಟಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸಿ ಕೊಟ್ಟಳು. ಒಂದು ಗುಟುಕು ಕುಡಿದ ಅಜ್ಜಿ, ಅಬುಧಾಬಿಯ ಕಾಫಿಗೆ “ನೀರು ಹೆಚ್ಚಾತು” ಎಂದು ಷರಾ ಬರೆದರು.

ದೊಡ್ಡವರು ಈ ವಿಚಾರಸಂಕಿರಣದಲ್ಲಿ ಮುಳುಗಿದ್ದಾಗ ಪದರಗಳ ಸಿದ್ಧಾಂತವನ್ನು ನಿಜವಾಗಿ ಅರಗಿಸಿಕೊಂಡವನು ಎಂಟರ ಹರೆಯದ ಕಿರಿಯ ಪುಳ್ಳಿ. ಸ್ಟ್ರಾ ಎಂಬ ನಳಿಕೆಯು ಲೋಟದ ತಳದಿಂದ ಎಳೆಯುವುದರಿಂದ ಮಕಿಯಾಟೊ ಕುಡಿಯುವವನಿಗೆ ಮೊದಲು ಸಿಗುವುದು ಪಾಕ ಮತ್ತು ಹಾಲು. ಕಾಫಿ ಕುಡಿಯಬಾರದೆಂಬ ನಿಷೇಧಕ್ಕೆ ಒಳಪಟ್ಟಿದ್ದ ಹುಡುಗ ಇದನ್ನು ಮುಂದಿಟ್ಟು, ತಾನು ಕುಡಿಯುತ್ತಿರುವುದು ಬರಿಯ ಬೆಲ್ಲದ ಹಾಲು, ಮೇಲಿನದು ಅಕ್ಕನಿಗೆ ಎಂದು ವಾದಿಸಿ ಅನುಮತಿ ಪಡೆದಿದ್ದ. ಕಾಫಿಯ ಗೆರೆ ಸ್ಟ್ರಾದ ತುದಿಗೆ ಯಾವಾಗ ಇಳಿಯಿತೆಂದು ನೋಡುವವರು ಯಾರೂ ಇರಲಿಲ್ಲ. ರಾತ್ರಿ ಹನ್ನೊಂದು ದಾಟಿದರೂ ಅವನಿಗೆ ನಿದ್ದೆಯಿಲ್ಲ, ಅರ್ಧ ಲೋಟ ಕುಡಿದ ಅಜ್ಜನಿಗೂ ಇಲ್ಲ. ಕರೆಂಟು ಹೋದ ಚಾವಡಿಯಲ್ಲಿ ಇಬ್ಬರೂ ಚಿಮಿಣಿ ದೀಪ ಇಟ್ಟುಕೊಂಡು, ಆಟಿಯ ಆಟವೆಂದೇ ಹೆಸರಾದ ಚೆನ್ನೆಮಣೆಗೆ ಕುಳಿತರು. ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕರಂತೆ ಹಾಕುವ ಕಾಯಿಗಳಲ್ಲಿ ಎರಡು ಹುಡುಗನ ಚಡ್ಡಿಯ ಕಿಸೆಯಲ್ಲಿ ಸಿಕ್ಕಿದ ಮೇಲೆ ಎದ್ದ ಜಗಳಕ್ಕೆ ಮನೆಯವರೆಲ್ಲ ಎಚ್ಚರಾದರು, ಅಜ್ಜಿ ದೀಪ ಆರಿಸಿ ಇಬ್ಬರನ್ನೂ ಚಾಪೆಗೆ ಅಟ್ಟಿದರು, ಮತ್ತು ಸಂಜೆ ನಾಲ್ಕರ ನಂತರ ಆ ಮನೆಯಲ್ಲಿ ಅಜ್ಜನಿಗೂ ಪುಳ್ಳಿಗೂ ಲಾಟೆ, ಮಕಿಯಾಟೊ ಯಾವುದೂ ಇಲ್ಲ, ಜೀರಿಗೆ ಕಷಾಯ ಮಾತ್ರ ಎಂದು ಕತ್ತಲಲ್ಲೇ ಸಾರಿದರು.