ಬೇರಿಂಗ್ ರಾಯರು

ಜಯನಗರದ ಪ್ರತಿ ಬ್ಲಾಕಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ 4ನೇ ಬ್ಲಾಕಿನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೇನೋ ಇದೆ. ಎಲ್ಲರ ಬಾಯಲ್ಲಿ ಅವರು ಬೇರಿಂಗ್ ರಾಯರು. ವಯಸ್ಸು 58. ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡು ಬಂದ ದುಡ್ಡಿನಲ್ಲಿ ಕಾರ್ಬನ್ ಫ್ರೇಮಿನ ಎಂಟಿಬಿ, ಅಂದರೆ ಮೌಂಟನ್ ಸೈಕಲ್ಲು, ಕೊಂಡರು. ಬೇರಿಂಗಿನ ಹುಚ್ಚು ಅದರ ಜೊತೆಗೇ ಪುಕ್ಕಟೆ ಬಂತು.

ದರ್ಶಿನಿಯ ಮುಂದೆ ಯಾರದೇ ಸೈಕಲ್ ನಿಂತಿರಲಿ, ರಾಯರ ಕೈ ಸುಮ್ಮನಿರದು. ಕಾಫಿ ಲೋಟವನ್ನು ಎಡಗೈಗೆ ದಾಟಿಸಿ, ಬಗ್ಗಿ, ಪೆಡಲಿನ ಕ್ರ್ಯಾಂಕ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸುತ್ತಾರೆ. ಕಣ್ಣು ಅರೆಮುಚ್ಚಿರುತ್ತದೆ, ಥೇಟ್ ನಾಡಿ ಹಿಡಿದ ಪಂಡಿತರು. "ಪ್ಲೇ ಇದೆ. ಬಿಬಿ ಹೋಗಿದೆ ಕಣಪ್ಪಾ" ಎಂದು ಫುಡ್ ಡೆಲಿವರಿ ಹುಡುಗನಿಗೆ ತೀರ್ಪು. ಅವನು "ಬಿಟಿಎಂ ಆರ್ಡರ್ ಲೇಟಾಗತ್ತೆ, ಬಿಡಿ ಸಾರ್" ಎಂದು ಆ ಹೋಗಿರುವ ಬಿಬಿಯನ್ನೇ ತುಳಿದುಕೊಂಡು ಹೊರಟುಹೋಗುತ್ತಾನೆ.

ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್. ಎರಡು ಪೆಡಲುಗಳ ನಡುವೆ ಫ್ರೇಮಿನೊಳಗೆ ಅಡಗಿ ಕೂತ ಆಕ್ಸಲ್ಲು, ಅದರ ಬೇರಿಂಗು. ನಮ್ಮಪ್ಪಂದಿರ ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಅಲ್ಲಿ ಬಿಡಿ ಗುಂಡುಗಳಿರುತ್ತಿದ್ದವು. ವರ್ಷಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಗುಂಡು ಬದಲಾಯಿಸಿ, ಗ್ರೀಸ್ ಮೆತ್ತಿದರೆ ಆಯಿತು. ಈಗಿನದು ಸೀಲ್ ಮಾಡಿದ ಬೇರಿಂಗು. ಹೋದರೆ ಇಡಿಯಾಗಿ ಎಸೆದು ಹೊಸದು ಹಾಕಿಸಬೇಕು.

ರಾಯರ ಅರ್ಥಶಾಸ್ತ್ರ ಶುರುವಾಗುವುದೇ ಇಲ್ಲಿ. "2,000 ರೂಪಾಯಿ ಬೇರಿಂಗು 10,000 ಕಿಲೋಮೀಟರ್ ಬಂತು ಅನ್ನಿ, ಕಿಲೋಮೀಟರಿಗೆ 20 ಪೈಸೆ. ಸೆರಾಮಿಕ್‌ಗೆ 20,000 ಕೊಟ್ಟು, ಅದು 1 ಲಕ್ಷ ಕಿಲೋಮೀಟರ್ ಬಂದರೆ? ಅದೇ 20 ಪೈಸೆ! ಸಿಲಿಕಾನ್ ನೈಟ್ರೈಡ್ ಗುಂಡು, ತುಕ್ಕೇ ಹಿಡಿಯಲ್ಲ!" ಗುಂಡಿಗೆ ಹಿಡಿಯುವುದಿಲ್ಲ, ನಿಜ. ಆದರೆ ಬಹುಪಾಲು ಸೆರಾಮಿಕ್ ಬೇರಿಂಗುಗಳಲ್ಲಿ ಆ ಗುಂಡು ಉರುಳುವುದು ಉಕ್ಕಿನ ಬಳೆಯ ಮೇಲೆ. ರಾಯರು ಬಳೆಯ ಮಾತೆತ್ತುವುದಿಲ್ಲ.

ಅವರ ಶ್ರೀಮತಿ ನಿವೃತ್ತ ಗಣಿತದ ಟೀಚರು. ಹುರುಳಿಕಾಯಿ ಹೆಚ್ಚುತ್ತಲೇ ಲೆಕ್ಕ ಮುಗಿಸಿದರು: "ರೀ, ನೀವು ಹೋಗೋದು ಭಾನುವಾರ ತುರಹಳ್ಳಿಗೆ. ಹೋಗಿ ಬರೋಕೆ 25 ಕಿಲೋಮೀಟರ್ ಅಂದ್ಕೊಳ್ಳಿ. ವರ್ಷಕ್ಕೆ 50 ವಾರ ಹಿಡಿದರೆ 1,250. ಲಕ್ಷ ಮುಟ್ಟೋಕೆ 80 ವರ್ಷ ಬೇಕು. ವಿಲ್ ಯಾರ ಹೆಸರಿಗೆ ಬರೀತೀರಿ?" ಅಷ್ಟರಲ್ಲಿ ರಾಯರು ಆರ್ಡರ್ ಮಾಡಿ ಆಗಿತ್ತು.

ಮಗಳಿಗೆ ಬನಶಂಕರಿಯಿಂದ ಸಂಬಂಧ ಬಂದಾಗಲೂ ಇದೇ ಕಥೆ. ಹುಡುಗ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತಾನೆಂದು ಕೇಳಿ ರಾಯರ ಮುಖ ಅರಳಿತು. ಸಂಬಳ, ಗೋತ್ರ ಎಲ್ಲ ಪಕ್ಕಕ್ಕಿಟ್ಟು, "ಬಿಬಿ ಥ್ರೆಡೆಡ್ಡೋ, ಪ್ರೆಸ್‌ಫಿಟ್ಟೋ?" ಎಂದರು. ಹುಡುಗ ಪ್ರೆಸ್‌ಫಿಟ್ ಎಂದ. ಕೇಸರಿಬಾತ್ ಬಂದರೂ ರಾಯರು ತುಟಿ ಬಿಚ್ಚಲಿಲ್ಲ. ತಿರುಪಿಲ್ಲದೆ ಒತ್ತಿ ಕೂರಿಸಿದ್ದು ಇವತ್ತಲ್ಲ ನಾಳೆ ಕಿರುಗುಟ್ಟುತ್ತದೆ ಅನ್ನುವುದು ಅವರ ಸಿದ್ಧಾಂತ. (ಮದುವೆ ಆಯಿತು. ಇದುವರೆಗೆ ಸದ್ದಿಲ್ಲ.)

ಇಷ್ಟೆಲ್ಲ ಜೋಪಾನ ಮಾಡಿದರೂ ರಾಯರ ಬಿಬಿ ಬಾಳಿಕೆ ಬರುವುದಿಲ್ಲ. ತುರಹಳ್ಳಿಯ ಕೆಂಪು ಮಣ್ಣು ಮೆತ್ತಿದ ಸೈಕಲ್ಲನ್ನು ಪ್ರತಿ ಭಾನುವಾರ ಕಾರು ತೊಳೆಯುವ ಕಡೆ ಒಯ್ದು, ಪ್ರೆಷರ್ ಗನ್ನನ್ನು ನೇರ ಬೇರಿಂಗಿಗೇ ಹಿಡಿಸುತ್ತಾರೆ. ಸೀಲ್ ದಾಟಿ ನೀರು ಒಳಗೆ, ಗ್ರೀಸ್ ಹೊರಗೆ. ಬಕೆಟ್ ನೀರು, ಹಳೇ ಬನಿಯನ್ ಬಟ್ಟೆ ಸಾಕು ಎಂದು ಜೆ.ಪಿ. ನಗರದ ಮೆಕ್ಯಾನಿಕ್ ಗೋಗರೆದಿದ್ದಾನೆ. ಬನಿಯನ್ ಬಟ್ಟೆಯಲ್ಲಿ ಕಾರ್ಬನ್ ಒರೆಸುವುದೇ?

ಸೆರಾಮಿಕ್ ಹಾಕಿಸಿದ ಮಾರನೇ ವಾರ ಮತ್ತೆ ಕಟ್ ಕಟ್ ಸದ್ದು. ರಾಯರು ಹೌಹಾರಿ ಓಡಿದರು. ಮೆಕ್ಯಾನಿಕ್ ಬಿಬಿಯ ಕಡೆ ತಿರುಗಿಯೂ ನೋಡಲಿಲ್ಲ. "ಸಾರ್, ಕೂತು ತುಳೀರಿ. ಈಗ ಎದ್ದು ನಿಂತು ತುಳೀರಿ" ಎಂದ. ಎದ್ದರೂ ಸದ್ದು ಬಂತು, ಅಂದರೆ ಸೀಟಿನದಲ್ಲ. ಪೆಡಲ್ ಬಿಚ್ಚಿದ, ತಿರುಪು ಒಣಗಿ ಬಿಳಿಚಿಕೊಂಡಿತ್ತು. ಬೆರಳ ತುದಿಯಷ್ಟು ಗ್ರೀಸ್ ಹಚ್ಚಿ ಬಿಗಿದ. ಸದ್ದು ನಿಂತಿತು. 50 ರೂಪಾಯಿ. "ಆದರೂ ಒಂದ್ಸಲ ಬಿಬಿ ನೋಡಿಬಿಡಪ್ಪಾ" ಎಂದರು ರಾಯರು.

ನಿಮ್ಮ ಸೈಕಲ್ಲೂ ಕಟ್ ಕಟ್ ಅಂದರೆ ಬೇರಿಂಗಿಗೆ ದುಡ್ಡು ಸುರಿಯುವ ಮುಂಚೆ ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ನೋಡಿ. ಎಡಗಡೆಯದು ಉಲ್ಟಾ ತಿರುಪು, ಮರೆಯಬೇಡಿ.